ದೀಪಗಳು ಮಾತಾಡುವ ಊರು



ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಬೆಳೆದವರಿಗೆ ದೆವ್ವದ ಕತೆಗಳು ಹೊಸವಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಅನೇಕ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ಹೊತ್ತು ಒಬ್ಬಳು ಬಂದು ಮನೆಯವರ ದನಿಯಲ್ಲೇ ಕರೆಯುತ್ತಾಳೆ. ಬಾಗಿಲು ತೆರೆದವನು ಉಳಿಯುವುದಿಲ್ಲ. ಬರಹವನ್ನು ಓದಿಕೊಂಡ ಅವಳು ಮರುದಿನ ಬರೋಣವೆಂದು ಹಿಂತಿರುಗುತ್ತಾಳೆ ಎಂಬುದು ಅಂದಿನ ವದಂತಿ. 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಲನಚಿತ್ರ ಇದೇ ಎಳೆಯನ್ನು ಬಳಸಿಕೊಂಡು ದೇಶವನ್ನೆಲ್ಲ ನಗಿಸಿತು, ಹೆದರಿಸಿತು. ಇದಕ್ಕಿಂತ ಹಳೆಯದು, ಹೆಚ್ಚು ಗಂಭೀರವಾದದ್ದು ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಐತಿಹ್ಯ. ಹಗಲು ಕಟ್ಟಿದ ಕೋಟೆಬಾಗಿಲು ಇರುಳು ಬೀಳುತ್ತಿತ್ತು, ನರಬಲಿಯಿಲ್ಲದೆ ಅದು ನಿಲ್ಲದೆಂದು ಹೇಳಿದರು, ತುಂಬು ಬಸುರಿ ಲಕ್ಷ್ಮಮ್ಮ ತಾನಾಗಿಯೇ ಪ್ರಾಣ ಕೊಟ್ಟಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಆಕೆಯ ಸ್ಮಾರಕವಿದೆ.

ಈ ಎರಡೂ ಕತೆಗಳಲ್ಲಿ ಒಂದು ಹೋಲಿಕೆಯನ್ನು ನೀವು ಗಮನಿಸಬೇಕು. ಮೊದಲನೆಯದರಲ್ಲಿ ಬಾಗಿಲ ಹೊರಗೆ ನಿಂತವಳು ಯಾರು, ಅವಳಿಗೇನು ಅನ್ಯಾಯವಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಎರಡನೆಯದರಲ್ಲಿ ಬಾಗಿಲ ಬುಡದಲ್ಲಿ ಮಲಗಿದವಳಿಗೆ ಮಾತೇ ಇಲ್ಲ. ಅವಳ ಸಾವಿಗೆ ‘ತ್ಯಾಗ’ವೆಂಬ ಹೆಸರನ್ನು ಉಳಿದವರು ಕೊಟ್ಟಿದ್ದಾರೆ. ನಗರವು ತನ್ನ ಕತ್ತಲೆಯ ಕತೆಗಳನ್ನು ಹೇಳಿಕೊಳ್ಳುವ ಬಗೆ ಇದು: ಭಯವಾದರೆ ಮುಂದೂಡುತ್ತದೆ, ಅಪರಾಧವಾದರೆ ಗುಡಿ ಕಟ್ಟುತ್ತದೆ. ಸತ್ತವರ ಕಡೆಯಿಂದ ಕತೆ ಹೇಳುವ ಜನಪದ ನಂಬಿಕೆ ನಮ್ಮಲ್ಲಿ ಇಲ್ಲವೇ? ಇದೆ. ಅದನ್ನು ಕಾದಂಬರಿಯೊಂದರ ಜೀವನಾಡಿಯಾಗಿಸಿದ ಕೃತಿಯೂ ಕನ್ನಡದಲ್ಲಿದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯ ಕುರಿತು ಈ ತಿಂಗಳು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

1984ರಲ್ಲಿ ಪ್ರಕಟವಾದ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದ ಈ ಕಾದಂಬರಿ ಗಾತ್ರದಲ್ಲಿ ಚಿಕ್ಕದು. ಒಂದು ಮಧ್ಯಾಹ್ನದಲ್ಲಿ ಪುಟಗಳನ್ನು ತಿರುವಿ ಮುಗಿಸಬಹುದು. ಓದಿ ಮುಗಿಸಲು ವರ್ಷಗಳು ಬೇಕು. ನಂಜನಗೂಡು ಸೀಮೆಯ ಆಡುಮಾತಿನಲ್ಲಿಯೇ ನಿರೂಪಣೆ ಸಾಗುವುದರಿಂದ, ಮೊದಲು ಇದನ್ನು ಕನ್ನಡಕ್ಕೆ ಅನುವಾದಿಸಬೇಕು ಎಂಬ ನಗೆಮಾತು ಸಾಹಿತ್ಯವಲಯದಲ್ಲಿ ಹುಟ್ಟಿಕೊಂಡಿತು. ಹಳಗನ್ನಡದ ಹಿರಿಯ ವಿದ್ವಾಂಸರಾದ ಎಲ್. ಬಸವರಾಜು ಅವರು ನಗಲಿಲ್ಲ. ಆ ಗದ್ಯದೊಳಗೆ ಅಡಗಿದ್ದ ಲಯವನ್ನು ಗುರುತಿಸಿ ಇಡೀ ಕೃತಿಯನ್ನು ಕಾವ್ಯದ ಸಾಲುಗಳಾಗಿ ವಿಂಗಡಿಸಿಕೊಟ್ಟರು. ಸುಸಾನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದವೂ ಬಂದಿದೆ.

ಕತೆಯ ಎಲುಬು ಸರಳ. ಓದು ಕಲಿತ ದಲಿತ ಯುವಕ ಚನ್ನ. ಊರಿನ ಸಿರಿವಂತ ಮೇಲುಜಾತಿಯ ಮನೆಯ ಹೆಣ್ಣು ಕುಸುಮ. ಅವರಿಬ್ಬರ ಪ್ರೀತಿಯಿಂದ ಒಂದು ಕೂಸು ಹುಟ್ಟುತ್ತದೆ. ಚನ್ನನನ್ನು ಕೊಲ್ಲಲಾಗುತ್ತದೆ. ಅವನ ಕಡೆಯವರು ಮಾತ್ರ ಅವನು ಬೊಂಬಾಯಿಗೆ ಹೋಗಿದ್ದಾನೆಂದು ನಂಬಿಕೊಂಡು ಕಾಯುತ್ತಾರೆ. ಶುದ್ಧ ವಂಶವೆಂದು ಬೀಗುವವರ ಹಿಂದಿನ ತಲೆಮಾರುಗಳಲ್ಲೂ ಊರು ಪಿಸುದನಿಯಲ್ಲಿ ಮಾತ್ರ ಹೇಳುವ ಸಂಬಂಧಗಳಿವೆ. ಇಷ್ಟನ್ನೇ ಹೇಳುವುದಾದರೆ ಇದು ಒಂದು ವರದಿಯಾಗಬಹುದಿತ್ತು. ಆದರೆ ದೇವನೂರರು ಕತೆಯನ್ನು ಮನುಷ್ಯರ ಬಾಯಿಗೆ ಮಾತ್ರ ಬಿಡಲಿಲ್ಲ. ಇಲ್ಲಿ ಮಂಚ ಮಾತನಾಡುತ್ತದೆ. ಇರುಳಾದ ಮೇಲೆ ಮನೆಮನೆಯ ದೀಪಗಳ ಜೀವಗಳು, ಅಂದರೆ ಜೋತಮ್ಮಗಳು, ಒಟ್ಟುಗೂಡಿ ಕಷ್ಟಸುಖ ಹಂಚಿಕೊಳ್ಳುತ್ತವೆ.

ಜೋತಮ್ಮಗಳು ಲೇಖಕರ ಕಲ್ಪನೆಯಷ್ಟೇ ಎಂದು ನೀವು ಭಾವಿಸಬೇಡಿ. ಎ. ಕೆ. ರಾಮಾನುಜನ್ ಅವರು ತಮ್ಮ ಸಂಗ್ರಹಗಳಲ್ಲಿ ಸೇರಿಸಿ ಲೋಕಕ್ಕೆಲ್ಲ ಪರಿಚಯಿಸಿದ ಕನ್ನಡದ ಜನಪದ ಕತೆಯೊಂದಿದೆ. ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಗೊತ್ತಿದ್ದವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಕತೆ ಮತ್ತು ಹಾಡು, ಒಂದು ದಿನ ಅವಳು ಬಾಯಿ ತೆರೆದು ನಿದ್ರಿಸುತ್ತಿದ್ದಾಗ ಹೊರಬಿದ್ದು, ಒಂದು ಗಂಡಸಿನ ಮೆಟ್ಟಾಗಿಯೂ ಇನ್ನೊಂದು ಅಂಗಿಯಾಗಿಯೂ ಮನೆಯ ಬಾಗಿಲಲ್ಲಿ ಕುಳಿತುಬಿಟ್ಟವು. ಮನೆಗೆ ಬಂದ ಗಂಡ, ಯಾರು ಬಂದಿದ್ದಾರೆಂದು ಕೇಳಿದ. ಅವಳಿಗೇನು ಗೊತ್ತು? ಜಗಳವಾಯಿತು. ಅವನು ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳೆಲ್ಲ ರಾತ್ರಿ ಸೇರಿ ಹರಟುವ ಜಾಗ ಅದೇ ಗುಡಿ. ಅಂದು ಒಂದು ದೀಪ ತಡವಾಗಿ ಬಂತು. ಏಕೆ ತಡವೆಂದು ಉಳಿದವು ಕೇಳಿದಾಗ, ತನ್ನ ಮನೆಯ ಗಂಡಹೆಂಡಿರ ಜಗಳವನ್ನೂ ಅದರ ಮೂಲವನ್ನೂ ಅದು ಹೇಳಿತು. ಮರೆಯಲ್ಲಿ ಮಲಗಿದ್ದ ಗಂಡ ಎಲ್ಲವನ್ನೂ ಕೇಳಿಸಿಕೊಂಡ. ಬೆಳಿಗ್ಗೆ ಮನೆಗೆ ಬಂದು ಆ ಕತೆ, ಆ ಹಾಡು ಯಾವುವೆಂದು ಕೇಳಿದರೆ ಹೆಂಡತಿಗೆ ಎರಡೂ ಮರೆತುಹೋಗಿದ್ದವು.

ಹೇಳದೆ ಉಳಿಸಿಕೊಂಡ ಕತೆ ರೂಪ ತಾಳಿ ಬಾಗಿಲಲ್ಲಿ ಕೂರುತ್ತದೆ ಎಂಬ ಈ ಗ್ರಹಿಕೆ ಎಷ್ಟು ಆಳವಾದದ್ದು! ನಮ್ಮ ಹಿರಿಯರು ದೀಪವನ್ನು ‘ಆರಿಸು’ ಎನ್ನದೆ ‘ದೊಡ್ಡದು ಮಾಡು’ ಎನ್ನುತ್ತಿದ್ದರು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಅದರ ಮುಂದೆ ಕೆಟ್ಟ ಮಾತನಾಡಲು ಅಂಜುತ್ತಿದ್ದರು. ಮನೆಯೊಳಗೆ ನಡೆಯುವುದನ್ನೆಲ್ಲ ದೀಪ ನೋಡುತ್ತದೆ ಎಂಬ ನಂಬಿಕೆ ಈ ರೂಢಿಗಳ ಹಿಂದಿದೆ ಎಂದೇ ನನಗೆ ತೋರುತ್ತದೆ. ಜನಪದ ಕತೆಯ ದೀಪ ಒಂದು ಸಂಸಾರದ ಸಣ್ಣ ಅನುಮಾನವನ್ನು ಬಗೆಹರಿಸಿತು. ದೇವನೂರರ ಜೋತಮ್ಮಗಳ ಮೇಲೆ ಬಿದ್ದ ಹೊರೆ ಅದಕ್ಕಿಂತ ಬಹಳ ಭಾರ. ಅವುಗಳ ಊರಿನಲ್ಲಿ ಒಂದು ಕೊಲೆಯಾಗಿದೆ. ಅದನ್ನು ಬಲ್ಲ ಮನುಷ್ಯರ ತುಟಿಗಳು ಹೊಲಿದುಕೊಂಡಿವೆ.

(ನಡುವೆ ಒಂದು ಮಾತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದು ನಮ್ಮ ಪೇಟೆಯ ಬೀದಿಗಳು ಬೆಳಗಿದವು. ಆ ಬೆಳಕು ಬಂದದ್ದು ಕೊಳ್ಳೇಗಾಲದ ದಿಕ್ಕಿನಿಂದ, ದೇವನೂರರ ಸೀಮೆಯ ನೆರೆಯಿಂದ. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಎಣ್ಣೆಯ ದೀಪಗಳು ಬಹುಕಾಲ ಉಳಿದವು. ಜೋತಮ್ಮಗಳೂ ಅಲ್ಲೇ ಉಳಿದರು.)

ಇಂಥ ಕೃತಿಯನ್ನು ‘ಮಾಂತ್ರಿಕ ವಾಸ್ತವವಾದ’ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಗಾರ್ಸಿಯಾ ಮಾರ್ಕ್ವೆಸ್ ಅವರಿಗೆ 1982ರಲ್ಲಿ ನೊಬೆಲ್ ಪುರಸ್ಕಾರ ಬಂತು, 1984ರಲ್ಲಿ ‘ಕುಸುಮಬಾಲೆ’ ಬಂತು. ಎರಡನ್ನೂ ಗಂಟುಹಾಕುವವರಿಗೆ ತೇದಿಗಳೇ ಸಾಕು. ಫ್ರಾನ್ಸಿನಲ್ಲಿ ನೆಲೆಸಿದ್ದ ವಿಮರ್ಶಕ ತೊದೊರೊವ್ 1970ರಲ್ಲಿ, ಅದ್ಭುತ ಸಾಹಿತ್ಯದ ಲಕ್ಷಣ ಓದುಗನ ಅನುಮಾನವೆಂದು ವಾದಿಸಿದರು. ನಡೆದದ್ದು ನಿಜವೋ ಭ್ರಮೆಯೋ ಎಂದು ಓದುಗ ತೂಗಾಡುವವರೆಗೆ ಮಾತ್ರ ಅದು ಅದ್ಭುತ. ಈ ಅಳತೆಗೋಲು ‘ಕುಸುಮಬಾಲೆ’ಗೆ ಹೊಂದುವುದಿಲ್ಲ. ಜೋತಮ್ಮಗಳು ಮಾತನಾಡುತ್ತವೆಯೇ ಎಂಬ ಅನುಮಾನ ಆ ಊರಿಗೇ ಇಲ್ಲ. ಅಲ್ಲಿ ನಂಬಲು ಕಷ್ಟವಾಗುವುದು ಬೇರೊಂದು ಸಂಗತಿ: ಹಾಡುಹಗಲಿನಂತೆ ಎಲ್ಲರಿಗೂ ಗೊತ್ತಿರಬಹುದಾದ ಒಂದು ಸಾವು ‘ಇಲ್ಲ’ವಾಗಿಬಿಡುವುದು. ಅಲೌಕಿಕವು ಸಹಜವಾಗಿಯೂ ಲೌಕಿಕವು ಅಸಹಜವಾಗಿಯೂ ಕಾಣುವಂತೆ ಮಾಡಿರುವುದರಲ್ಲಿಯೇ ಈ ಕೃತಿಯ ಶಕ್ತಿಯಿದೆ.

ಬೊಂಬಾಯಿಯ ಮಾತಿಗೆ ಹಿಂತಿರುಗೋಣ. ಚನ್ನ ಬೊಂಬಾಯಿಗೆ ಹೋಗಿದ್ದಾನೆ ಎಂಬುದು ಕೂಡ ಒಂದು ಜಾನಪದವೇ ಎಂದು ನನ್ನ ಅಭಿಪ್ರಾಯ. ಅದರಲ್ಲಿ ದೆವ್ವವಿಲ್ಲ, ಮಂತ್ರವಿಲ್ಲ. ರೈಲಿದೆ, ನಗರವಿದೆ, ಸಂಬಳದ ಆಸೆಯಿದೆ. ತರ್ಕಕ್ಕೆ ಒಪ್ಪುವ ಮಾತು ಅದು. ಓದಿದ ಹುಡುಗ ಊರು ಬಿಟ್ಟು ಹೋಗುವುದರಲ್ಲಿ ಸೋಜಿಗವೇನು? ಆದರೆ ಸುಳ್ಳು. ದೀಪಗಳು ಕೂಡಿ ಮಾತನಾಡುವುದು ತರ್ಕಕ್ಕೆ ಒಪ್ಪದು. ಆದರೆ ಸತ್ಯ ಉಳಿದಿರುವುದು ಅಲ್ಲಿ. ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಕಟ್ಟುಕತೆಗಳು ಎದುರುಬದುರಾಗಿವೆ. ಒಂದು ಹೆಣವನ್ನು ಮುಚ್ಚುತ್ತದೆ, ಇನ್ನೊಂದು ಅದರ ಬಳಿ ದೀಪ ಹಿಡಿಯುತ್ತದೆ. ನಂಬಿಕೆಯೆಲ್ಲ ಮೌಢ್ಯ, ವಿವೇಕವೆಲ್ಲ ಬಿಡುಗಡೆ ಎಂದು ಸಲೀಸಾಗಿ ವಿಂಗಡಿಸುವವರು ಈ ಕಾದಂಬರಿಯನ್ನು ನಿಧಾನವಾಗಿ ಓದಬೇಕು. ಅಂಥವರು ಯಾಜಕರಲ್ಲೂ ಇದ್ದಾರೆ, ವಿಚಾರವಾದಿಗಳಲ್ಲೂ ಇದ್ದಾರೆ.

ಇದೆಲ್ಲ ಕಾಗದದ ಮೇಲಿನ ಮಾತೇ? ಕಾದಂಬರಿ ಹೊರಬಂದ ಒಂಬತ್ತು ವರ್ಷಗಳ ತರುವಾಯ, 1993ರಲ್ಲಿ, ಅದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರ ಕೊಲೆಯಾಯಿತು. 2000ದ ಮಾರ್ಚ್ ತಿಂಗಳಿನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಆ ಮೊಕದ್ದಮೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು; 2006ರಲ್ಲಿ ಆರೋಪಿಗಳು ಬಿಡುಗಡೆಯಾದರು; 2014ರಲ್ಲಿ ಉಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಏಳು ಜನ ಸತ್ತರು, ಕೊಂದವರು ಯಾರೂ ಇಲ್ಲ! ‘ತಿರುಗಿಬಿದ್ದ ಸಾಕ್ಷಿ’ ಎಂಬ ನ್ಯಾಯಾಲಯದ ಪದವನ್ನು ಓದಿದಾಗಲೆಲ್ಲ ನನಗೆ ಜೋತಮ್ಮಗಳ ನೆನಪಾಗುತ್ತದೆ. ಸಾಕ್ಷಿಗೆ ಹೊಲ ಬೇಕು, ಕೂಲಿ ಬೇಕು, ನಾಳೆಯೂ ಅದೇ ಊರಿನಲ್ಲಿ ನೀರು ಬೇಕು. ದೀಪಕ್ಕೆ ಏನೂ ಬೇಡ. ಮನುಷ್ಯ ಸಾಕ್ಷಿ ಹೇಳಲಾರದ ಸ್ಥಿತಿಯಲ್ಲಿದ್ದಾಗ ಜನಪದರು ಸಾಕ್ಷಿಯ ಪೆಟ್ಟಿಗೆಗೆ ದೀಪವನ್ನು ಹತ್ತಿಸುತ್ತಾರೆ.

ಪವಿತ್ರ ಗ್ರಂಥವನ್ನು ಬಲ್ಲ ನಿಮಗೆ ಇದು ಅಪರಿಚಿತವಲ್ಲ. ಕಾಯಿನನು ತಮ್ಮನನ್ನು ಹೊಲದಲ್ಲಿ ಕೊಂದು, ತನಗೇನೂ ತಿಳಿಯದೆಂದು ದೇವರಿಗೇ ಉತ್ತರಿಸಿದಾಗ, ನೆಲದೊಳಗಿಂದ ಮೊರೆಯಿಟ್ಟದ್ದು ತಮ್ಮನ ರಕ್ತ. ಪ್ರವಾದಿ ಹಬಕ್ಕೂಕನು ಅನ್ಯಾಯದ ಗಳಿಕೆಯಿಂದ ಮನೆ ಕಟ್ಟಿದವನಿಗೆ ಎಚ್ಚರಿಕೆ ನೀಡುವಾಗ, ಆ ಮನೆಯ ಗೋಡೆಯ ಕಲ್ಲು ಕೂಗಿ ಹೇಳುವುದನ್ನೂ ಮರದ ತೊಲೆ ಅದಕ್ಕೆ ದನಿಗೂಡಿಸುವುದನ್ನೂ ಕಾಣುತ್ತಾನೆ. ಮಾತನಾಡುವ ತೊಲೆಗೂ ಮಾತನಾಡುವ ಮಂಚಕ್ಕೂ ಎಷ್ಟು ದೂರ? ಒಂದೇ ಜಾತಿಯ ಮರವಿರಬೇಕು.

ಭೂತಪ್ರೇತಗಳು ಬರುವ ಕತೆಗಳನ್ನು ವಿಶ್ವಾಸಿಗಳು ಓದಬಹುದೇ ಎಂದು ಧರ್ಮಕೇಂದ್ರಗಳಲ್ಲಿ ಆಗಾಗ ಕೇಳುವವರಿದ್ದಾರೆ. ಸತ್ತವರನ್ನು ಕರೆಸುವುದು, ಕಣಿ ಕೇಳುವುದು, ಮಾಟ ಮಾಡಿಸುವುದು ಧರ್ಮಸಭೆ ನಿಷೇಧಿಸಿರುವ ಕೃತ್ಯಗಳು. ಸೌಲನು ಏಂದೋರಿನ ಹೆಂಗಸಿನ ಬಳಿಗೆ ವೇಷ ಮರೆಸಿಕೊಂಡು ಹೋದ ಪ್ರಸಂಗ ನಿಮಗೆ ಗೊತ್ತಿದೆ. ಆದರೆ ಸೌಲನಿಗೆ ಬೇಕಾಗಿದ್ದುದು ತನ್ನ ನಾಳೆಯ ಮೇಲಿನ ಹಿಡಿತ. ಜೋತಮ್ಮಗಳನ್ನು ಹೀಗೆ ತನ್ನ ಕೆಲಸಕ್ಕಾಗಿ ಕರೆಸಿಕೊಳ್ಳುವ ಸೌಲನಿಲ್ಲ. ಅವು ಯಾರ ಕೈಗೂ ಬಲ ಕೊಡುವುದಿಲ್ಲ, ನಡೆದದ್ದನ್ನು ನೆನೆಯುತ್ತವೆ. ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡದು.

ಹೊರನಾಡಿನ ಒಂದು ಕೃತಿಯೊಡನೆ ಇಟ್ಟು ನೋಡಿದರೆ ‘ಕುಸುಮಬಾಲೆ’ಯ ಚಹರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೆಕ್ಸಿಕೋ ದೇಶದ ಹುವಾನ್ ರುಲ್ಫೊ 1955ರಲ್ಲಿ ಪ್ರಕಟಿಸಿದ ‘ಪೆದ್ರೊ ಪಾರಮೊ’ ಕೂಡ ಪುಟ್ಟ ಕಾದಂಬರಿ. ರುಲ್ಫೊ ಕೂಡ ದೇವನೂರರಂತೆ ಬಹಳ ಕಡಿಮೆ ಬರೆದವರು: ಒಂದು ಕಥಾಸಂಕಲನ, ಈ ಕಾದಂಬರಿ, ಮತ್ತೆ ಹೆಚ್ಚೇನೂ ಇಲ್ಲ. ತಾಯಿಗೆ ಕೊಟ್ಟ ಮಾತಿನಂತೆ ತಂದೆಯನ್ನು ಹುಡುಕಿಕೊಂಡು ಒಬ್ಬ ಮಗ ಕೊಮಾಲಾ ಎಂಬ ಊರಿಗೆ ಬರುತ್ತಾನೆ. ಅಲ್ಲಿ ಅವನನ್ನು ಮಾತನಾಡಿಸುವವರೆಲ್ಲ ಸತ್ತವರು. ಅದೊಂದು ಕಥೋಲಿಕ ಊರು. ಅಲ್ಲಿ ಅಲೆಯುವ ಆತ್ಮಗಳು ಉತ್ತರಿಸುವ ಸ್ಥಳದಲ್ಲಿಯೂ ಜಾಗ ಸಿಗದೆ ಬೀದಿಯಲ್ಲಿ ಉಳಿದವರಂತಿವೆ. ಏಕೆಂದರೆ ಅವರಿಗಾಗಿ ಪ್ರಾರ್ಥಿಸುವವರಿಲ್ಲ, ಪೂಜೆಗೆ ಕೊಡಲು ಹಣವಿಲ್ಲ.

ಆ ಕಾದಂಬರಿಯಲ್ಲಿ ರೆಂತೆರಿಯಾ ಎಂಬ ಪಾದ್ರಿಯಿದ್ದಾರೆ. ಜಮೀನ್ದಾರನ ಮಗ ಮಿಗೆಲ್ ಇದೇ ಪಾದ್ರಿಯ ಅಣ್ಣನನ್ನು ಕೊಂದು, ಅಣ್ಣನ ಮಗಳ ಮೇಲೆ ಅತ್ಯಾಚಾರವೆಸಗಿದವನು. ಅವನು ಸತ್ತಾಗ ಪಾದ್ರಿ ಮೊದಲು ಆಶೀರ್ವಾದ ನೀಡಲು ಒಪ್ಪುವುದಿಲ್ಲ. ಜಮೀನ್ದಾರ ಬಂದು ಚಿನ್ನದ ನಾಣ್ಯಗಳನ್ನು ಇಡುತ್ತಾನೆ. ಪಾದ್ರಿ ನಾಣ್ಯಗಳನ್ನು ಪೀಠದ ಬಳಿಗೆ ಒಯ್ದು, ತೀರ್ಮಾನವನ್ನು ದೇವರಿಗೊಪ್ಪಿಸಿ, ಕೊನೆಗೆ ಒಪ್ಪುತ್ತಾರೆ. ಆದರೆ ಆತ್ಮಹತ್ಯೆ ಮಾಡಿಕೊಂಡ ಒಬ್ಬ ಬಡ ಹೆಣ್ಣಿನ ಅಕ್ಕ ಬಂದು ಅಂಗಲಾಚಿದಾಗ ಅದೇ ಪಾದ್ರಿಯಿಂದ ಏನೂ ಆಗುವುದಿಲ್ಲ. ಮುಂದೆ ಅವರು ನೆರೆಯೂರಿನ ಗುರುವಿನ ಬಳಿ ಪಾಪನಿವೇದನೆಗೆ ಹೋದರೆ ಅವರಿಗೂ ಪಾಪವಿಮೋಚನೆ ಸಿಗುವುದಿಲ್ಲ. ಗುರುದೀಕ್ಷೆ ಪಡೆದವರಿಗೆ ಓದಲು ಇದಕ್ಕಿಂತ ಅಹಿತಕರವಾದ ಪುಟಗಳು ವಿಶ್ವಸಾಹಿತ್ಯದಲ್ಲಿ ಹೆಚ್ಚಿಲ್ಲ. ಗುರುಮಠಗಳ ಪಠ್ಯದಲ್ಲಿ ಇವಕ್ಕೆ ಒಂದು ಸ್ಥಾನವಿರಬೇಕೆಂದು ನನ್ನ ಆಸೆ.

ಎರಡು ಊರುಗಳಿಗೂ ಇರುವ ಅಂತರವನ್ನು ನೋಡಿ. ಕೊಮಾಲಾದಲ್ಲಿ ಬದುಕಿದವರು ಯಾರೂ ಉಳಿದಿಲ್ಲ. ಪಿಸುಮಾತುಗಳೇ ಆಗಂತುಕನನ್ನು ಕೊಲ್ಲುತ್ತವೆ. ದೇವನೂರರ ಊರು ಸತ್ತಿಲ್ಲ. ಅಲ್ಲಿ ಕೂಸು ಅಳುತ್ತದೆ, ಒಲೆ ಉರಿಯುತ್ತದೆ, ಹಸಿವಿನ ನಡುವೆಯೂ ಜನ ನಗುತ್ತಾರೆ, ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾರೆ. ಕೊಲೆಯ ಕತೆಯಲ್ಲಿ ಇಷ್ಟು ನಗೆ ಹೇಗೆ ಬಂತೆಂದು ಮೊದಲ ಓದಿಗೆ ಬೆರಗಾಗುತ್ತದೆ. ರುಲ್ಫೊ ಅವರಲ್ಲಿ ಅಲೌಕಿಕವು ಶಾಪದ ರೂಪ. ದೇವನೂರರಲ್ಲಿ ಅದು ನೆರೆಹೊರೆಯ ರೂಪ. ಜೋತಮ್ಮಗಳು ನಮ್ಮ ಅಕ್ಕಪಕ್ಕದ ಹೆಂಗಸರಂತೆ ಸುಸ್ತಾಗಿ ಬಂದು ಕೂರುತ್ತವೆ. ಸೇಡು ಕೇಳುವುದಿಲ್ಲ. ಯಾರ ಕತೆಯೂ ಇನ್ನೊಬ್ಬರ ಕತೆಯಿಂದ ಬಿಡಿಯಾಗಿಲ್ಲವೆಂಬ ಅರಿವು ಅವುಗಳ ಮಾತಿನಲ್ಲಿದೆ. ಕೊಂದವನ ಮನೆಯಲ್ಲೂ ಒಂದು ದೀಪವಿದೆ ಎಂಬುದನ್ನು ಲೇಖಕರು ಮರೆತಿಲ್ಲ. ಬೂಸಾ ಪ್ರಕರಣದ ಕಾವಿನಲ್ಲಿ ಬೆಳೆದ ಪೀಳಿಗೆಯ ಲೇಖಕರೊಬ್ಬರು ಇಂಥ ಕೃತಿ ಬರೆದರೆಂಬುದು ಸಣ್ಣ ಸಂಗತಿಯಲ್ಲ. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ದಲಿತ ವಿದ್ಯಾರ್ಥಿಗಳು ಬೀದಿಯಲ್ಲಿ ಏಟು ತಿಂದಿದ್ದರು. ಸಿಟ್ಟಿನಿಂದಲೇ ಬರೆಯಲು ದೇವನೂರರಿಗೆ ಎಲ್ಲ ಹಕ್ಕೂ ಇತ್ತು.

ಮೆಚ್ಚುಗೆಯ ನಡುವೆ ನನ್ನ ಒಂದು ತಕರಾರನ್ನೂ ಹೇಳಬೇಕು. ಕೃತಿಗೆ ಹೆಸರು ಕೊಟ್ಟವಳು ಕುಸುಮ. ಆದರೆ ಅವಳ ಮಾತು ನಮಗೆ ಸಾಕಷ್ಟು ಕೇಳಿಸುವುದಿಲ್ಲ. ಮಂಚಕ್ಕೆ ನಾಲಗೆ ಬಂದ ಊರಿನಲ್ಲಿ, ಆ ಮಂಚದ ಮೇಲೆ ಕಣ್ಣೀರಿಟ್ಟಿರಬಹುದಾದವಳು ಮಸುಕಾಗಿ ಉಳಿಯುತ್ತಾಳೆ. ಮೇಲುಜಾತಿಯ ಮನೆಯೊಳಗೆ ಹೆಣ್ಣಿಗೆ ಮಾತೇ ಇರಲಿಲ್ಲ, ಅದನ್ನೇ ಲೇಖಕರು ತೋರಿಸಿದ್ದಾರೆ ಎಂದು ಸಮರ್ಥಿಸಬಹುದು. ಆ ಸಮರ್ಥನೆ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ನಮ್ಮ ಲಕ್ಷ್ಮಮ್ಮನ ಕತೆಯ ಕೊರತೆಯೇ ಇಲ್ಲೂ ಇಣುಕುತ್ತದೆ. ಇನ್ನು ಸಂಬಂಧಗಳ ಗೋಜಲು: ಯಾರು ಯಾರ ಮಗ, ಯಾವುದು ಯಾವ ತಲೆಮಾರು ಎಂದು ಮೂರನೆಯ ಓದಿನಲ್ಲಿಯೂ ಬೆರಳು ಮಡಚಿ ಎಣಿಸಬೇಕಾಗುತ್ತದೆ. ಹಳ್ಳಿಯ ಜಗಲಿಯಲ್ಲಿ ಕುಳಿತವರಿಗೆ ಇದು ತೊಡಕಲ್ಲ, ಪುಸ್ತಕ ಹಿಡಿದವರಿಗೆ ತೊಡಕೇ.

ಇದು ದೂರದ ಹಳ್ಳಿಯ ಕತೆ, ನಮಗೂ ಇದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ನೆರೆಯ ತಿರುಚಿರಾಪಳ್ಳಿಯ ಮೇಲಪುದೂರಿನಲ್ಲಿ ಕ್ರೈಸ್ತರ ಸಮಾಧಿಭೂಮಿಯೊಳಗೇ, ಸತ್ತ ದಲಿತರನ್ನು ಸತ್ತ ಮೇಲುಜಾತಿಯವರಿಂದ ಬೇರ್ಪಡಿಸುವ ಗೋಡೆ ಕಟ್ಟಿದ್ದರು. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣಕ್ಕಾಗಿ ನೀತಿಯೊಂದನ್ನು ಹೊರಡಿಸಬೇಕಾಯಿತೆಂದರೆ, ಜಾತಿಯು ಚರ್ಚಿನ ಹೊಸ್ತಿಲಲ್ಲಿ ಮೆಟ್ಟು ಬಿಟ್ಟಂತೆ ಬಿಟ್ಟುಬಂದ ವಸ್ತುವಲ್ಲ ಎಂದಾಯಿತು. ಪ್ರತಿ ವರ್ಷ ನವೆಂಬರ್ 2ರಂದು ಸಕಲ ಮೃತರಿಗಾಗಿ ಸಮಾಧಿಗಳ ಮೇಲೆ ನಾವು ಮೇಣದ ಬತ್ತಿ ಹಚ್ಚುತ್ತೇವೆ. ಪ್ರಸಾದಪೆಟ್ಟಿಗೆಯ ಪಕ್ಕದ ನಂದಾದೀಪವನ್ನಂತೂ ಆರಿಸುವುದೇ ಇಲ್ಲ. ಅದಕ್ಕೆ ಇರುಳಿನಲ್ಲಿ ಹೊರಗೆ ಹೋಗಿ ಹರಟುವ ಬಿಡುವೂ ಇಲ್ಲ. ಅದು ನಮ್ಮ ನಡುವೆ ಏನೇನು ಕಂಡಿದೆಯೋ!

ಕೊನೆಯದಾಗಿ, ಓದುವ ಬಗೆಯ ಕುರಿತು. ಕಣ್ಣಿನಿಂದ ಮಾತ್ರ ಓದಿದರೆ ಮೊದಲ ಪುಟಗಳಲ್ಲಿಯೇ ನೀವು ಸೋತು ಪುಸ್ತಕ ಮುಚ್ಚುವಿರಿ. ಬಸವನಗುಡಿ, ಮಲ್ಲೇಶ್ವರದ ಕನ್ನಡಕ್ಕೆ ಒಗ್ಗಿದ ಕಿವಿಗೆ ಆ ನುಡಿ ಹಿಡಿಯಲು ಸಮಯ ಬೇಕು. ಮೊದಲ ಹತ್ತು ಪುಟಗಳನ್ನು ಗಟ್ಟಿಯಾಗಿ ಓದಿ. ಸಾಧ್ಯವಾದರೆ ಬೇರೆಯವರಿಂದ ಓದಿಸಿಕೊಳ್ಳಿ. ನಂಜನಗೂಡು, ಚಾಮರಾಜನಗರ, ಕೊಳ್ಳೇಗಾಲದ ಕಡೆಯಿಂದ ಕೆಲಸಕ್ಕಾಗಿ ಬಂದು ನೆಲೆಸಿದವರು ನಿಮ್ಮ ಬೀದಿಯಲ್ಲಿಯೇ, ನಿಮ್ಮ ಧರ್ಮಕೇಂದ್ರದಲ್ಲಿಯೇ ಇದ್ದಾರೆ. ಪೂಜೆ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಎದ್ದು ಮೊದಲು ಹೊರಡುವವರು. ಪುಸ್ತಕವನ್ನು ಅವರ ಕೈಗೆ ಕೊಟ್ಟು, ನೀವು ಕುಳಿತು ಕೇಳಿ. ನಿಮಗೆ ತೊಡಕಾದ ಮಾತುಗಳಲ್ಲಿ ಅವರು ನಗುವರು, ನಡುವೆ ನಿಲ್ಲಿಸಿ ತಮ್ಮ ಊರಿನಲ್ಲಿ ನಡೆದದ್ದೊಂದನ್ನು ಹೇಳತೊಡಗಬಹುದು. ಆಗ ಅವಸರಪಡಿಸಬೇಡಿ. ಪುಸ್ತಕವನ್ನು ಮುಂದಿನ ವಾರ ಮುಗಿಸಬಹುದು.